ಒದ್ದೆಯಾದರೆ ಮತ್ತೆ ಗುಂಗುರು, ಯಾಕೆ?

ಪ್ರಶ್ನೆ: ಸ್ಟ್ರೇಟ್ನರ್‌ನಿಂದ ನೇರ ಮಾಡಿದ ನನ್ನ ಗುಂಗುರು ಕೂದಲು ನೀರು ತಾಗಿದ ಕೂಡಲೇ ಮೊದಲಿನಂತಾಗುತ್ತದೆ. ಪಾರ್ಲರ್‌ನಲ್ಲಿ ಔಷಧಿ ಹಾಕಿಸಿಕೊಂಡ ಗೆಳತಿಯ ಕೂದಲು ಮಾತ್ರ ತಿಂಗಳುಗಟ್ಟಲೆ ನೇರವಾಗಿದೆ. ಕೂದಲು ಅಂದರೆ ಪ್ರೋಟೀನ್ ಅಲ್ವಾ? ಹಾಗಾದರೆ ಈ ವ್ಯತ್ಯಾಸ ಯಾಕೆ?

ಉತ್ತರ: ನನ್ನದೂ ಗುಂಗುರು ಕೂದಲೇ. ಪಾಠ ಮಾಡುವ ದಿನಗಳಲ್ಲಿ ಈ ಅಧ್ಯಾಯಕ್ಕೆ ನನ್ನ ತಲೆಯನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದೆ. ಈಗ ತೋರಿಸಲು ಅಷ್ಟು ಉಳಿದಿಲ್ಲ.

ಕೂದಲಿನ ಪ್ರೋಟೀನ್ ಕೆರಟಿನ್. ಯಾವ ಪ್ರೋಟೀನ್ ಆದರೂ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳ ಸರ. ಬಳಕೆಯಲ್ಲಿರುವುದು ಮುಖ್ಯವಾಗಿ 20 ಬಗೆ. ಪ್ರತಿಯೊಂದರ ನಟ್ಟನಡುವೆ ಒಂದು ಕಾರ್ಬನ್, ಅದಕ್ಕೆ ನಾಲ್ಕು ಕೈ. ಒಂದರಲ್ಲಿ ಅಮೈನೋ ಗುಂಪು (ಸಾರಜನಕ ಇರುವುದು), ಒಂದರಲ್ಲಿ ಕಾರ್ಬಾಕ್ಸಿಲ್ (ಆಮ್ಲದ ಗುಂಪು), ಒಂದರಲ್ಲಿ ಹೈಡ್ರೋಜನ್. ನಾಲ್ಕನೇ ಕೈಯಲ್ಲಿರುವುದು ಮಾತ್ರ ಬೇರೆ ಬೇರೆ. ಗ್ಲೈಸೀನ್‌ಗೆ ಅಲ್ಲೂ ಸುಮ್ನೆ ಇನ್ನೊಂದು ಹೈಡ್ರೋಜನ್. ಸಿಸ್ಟೀನ್‌ಗೆ ಗಂಧಕ. (ಪ್ರೋಲೀನ್ ಸ್ವಲ್ಪ ತಕರಾರಿನದು, ಬಿಡಿ.) ಒಂದರ ಕಾರ್ಬಾಕ್ಸಿಲ್ ಪಕ್ಕದ್ದರ ಅಮೈನೋ ಗುಂಪಿಗೆ ಕೂಡಿ ಒಂದು ನೀರಿನ ಅಣು ಹೊರಬಿದ್ದರೆ ಪೆಪ್ಟೈಡ್ ಬಂಧ.

ಸರ ನೆಟ್ಟಗೆ ನಿಲ್ಲುವುದಿಲ್ಲ. 1948ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಆಕ್ಸ್‌ಫರ್ಡ್‌ನಲ್ಲಿ ನೆಗಡಿಯಾಗಿ ಮಲಗಿದ್ದರು. ಬೇಸರ ಕಳೆಯಲು ಕಾಗದದ ಮೇಲೆ ಈ ಸರ ಬರೆದು ಮಡಚತೊಡಗಿದರು. ಪೆಪ್ಟೈಡ್ ಬಂಧ ಚಪ್ಪಟೆ, ತಿರುಚಲು ಬಾರದು ಎಂಬುದನ್ನು ಅವರು ಬಿಡಲಿಲ್ಲ. ಕೊನೆಗೆ ಸುರುಳಿ ಸಿಕ್ಕಿತು, ಅದೇ ಆಲ್ಫಾ ಹೆಲಿಕ್ಸ್. ಸುತ್ತಿಗೆ 3.6 ಅಮೈನೋ ಆಮ್ಲ. ನಾನೂ ಮಕ್ಕಳಿಂದ ಕಾಗದ ಮಡಚಿಸುತ್ತಿದ್ದೆ. ಲೆಕ್ಕ ಚೆನ್ನಾಗಿ ಕಾಣಲಿ ಎಂದು 4 ಮಾಡಿ ತರುವವರೇ ಜಾಸ್ತಿ!

ಕೆರಟಿನ್‌ನಲ್ಲಿರುವುದೂ ಈ ಸುರುಳಿಯೇ. ಅದನ್ನು ಹಿಡಿದಿಡುವುದು ಹೈಡ್ರೋಜನ್ ಬಂಧಗಳು, ಅಂದರೆ ಒಂದು ಕಡೆಯ ಹೈಡ್ರೋಜನ್‌ಗೂ ಇನ್ನೊಂದು ಕಡೆಯ ಆಕ್ಸಿಜನ್‌ಗೂ ನಡುವಿನ ಸೆಳೆತ. ಒಂದೊಂದೂ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು. ಸರ ಸರಗಳ ನಡುವೆಯೂ ಇವು ಇವೆ. ಸ್ಟ್ರೇಟ್ನರ್‌ನ ಬಿಸಿಗೆ ಹಳೆಯವು ಬಿಟ್ಟು, ಕೂದಲು ಆರಿದಾಗ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ನೀರು ಬಿದ್ದರೆ ಆ ಹೊಸವೂ ಸಡಿಲ.

ಆಗ ಹಳೆಯ ಆಕಾರಕ್ಕೆ ಎಳೆಯುವುದು ಗಂಧಕ. ಎರಡು ಸಿಸ್ಟೀನ್‌ಗಳ ಗಂಧಕಗಳು ಕೈಹಿಡಿದು ಡೈಸಲ್ಫೈಡ್ ಬಂಧವಾಗುತ್ತವೆ. ನೀರಿಗೆ ಇದು ಜಗ್ಗುವುದಿಲ್ಲ. ಪಾರ್ಲರ್‌ಗಳಲ್ಲಿ ಬಳಸುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇದನ್ನೇ ಬಿಡಿಸುತ್ತದೆ. ಕೂದಲನ್ನು ನೇರ ಹಿಡಿದು ಹೈಡ್ರೋಜನ್ ಪೆರಾಕ್ಸೈಡ್‌ನಂಥದ್ದು ಹಚ್ಚಿದರೆ ಗಂಧಕಗಳು ಹೊಸ ಜೋಡಿ ಹುಡುಕಿಕೊಳ್ಳುತ್ತವೆ.

ಎರಡು ತಿಂಗಳು ಬಿಟ್ಟು ಗೆಳತಿಯ ಕೂದಲಿನ ಬುಡ ನೋಡಿ. ಹೊಸದಾಗಿ ಬೆಳೆದ ಆ ಒಂದೆರಡು ಸೆಂಟಿಮೀಟರ್‌ಗೆ ಔಷಧಿಯ ಸುದ್ದಿಯೇ ಮುಟ್ಟಿರುವುದಿಲ್ಲ.