ಜ್ವರ ಬಿಟ್ಟ ದಿನವೇ ಮಗು ಕುಸಿದಿದ್ದೇಕೆ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಅಣ್ಣನ ಮಗಳಿಗೆ ಡೆಂಗಿ ಬಂದಿತ್ತು. ಐದನೇ ದಿನ ಜ್ವರ ಬಿಟ್ಟಿತು, ಸದ್ಯ ಗೆದ್ದೆವು ಅಂದುಕೊಂಡೆವು. ಅವತ್ತೇ ಸಂಜೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಬಿಪಿ 100–84, ಪ್ಲೇಟ್‌ಲೆಟ್ 62 ಸಾವಿರ. ಎಲ್ಲೂ ರಕ್ತ ಹೋಗಿರಲಿಲ್ಲ. ಆದರೂ ಐಸಿಯುಗೆ ಹಾಕಿದರು. ಪ್ಲೇಟ್‌ಲೆಟ್ ಕೊಡಿ ಎಂದರೂ ಕೊಡಲಿಲ್ಲ. ಹೊಟ್ಟೆ ಊದಿರುವಾಗಲೇ ಸಲೈನ್ ನಿಲ್ಲಿಸಿದರು. ಈಗ ಹುಷಾರಾಗಿದ್ದಾಳೆ. ಆದರೆ ಆಗಿದ್ದಾದರೂ ಏನು?"

ಮೊದಲಿಗೆ, ಮಗು ಹುಷಾರಾಗಿದ್ದು ಓದಿ ತುಂಬ ಸಮಾಧಾನವಾಯಿತು. ನಿಮ್ಮ ಡಾಕ್ಟರು ನೋಡಬೇಕಾದದ್ದನ್ನೇ ನೋಡಿದ್ದಾರೆ.

ನಮ್ಮ ಪ್ರತಿ ರಕ್ತನಾಳದ ಒಳಮೈಗೆ ಒಂದೇ ಪದರ ಜೀವಕೋಶಗಳ ಹೊದಿಕೆ ಇದೆ. ಅದರ ಮೇಲೆ ಸಕ್ಕರೆ ಮತ್ತು ಪ್ರೋಟೀನು ಸೇರಿದ ತೆಳ್ಳನೆಯ ಲೋಳೆ. ರಕ್ತದ ನೀರು ಹೊರಗೆ ಹೋಗದಂತೆ ಹಿಡಿದಿಡುವುದು ಇವೆರಡೂ ಸೇರಿ. ಡೆಂಗಿ ವೈರಸ್ಸು ಎನ್‌ಎಸ್‌1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಜ್ವರದ ಮೊದಲ ದಿನಗಳಲ್ಲಿ ಲ್ಯಾಬಿನವರು ಹುಡುಕುವುದು ಇದನ್ನೇ. ಈ ಪ್ರೋಟೀನು ಸುಮ್ನೆ ಗುರುತಿಗಷ್ಟೇ ಇರುವುದಲ್ಲ, ಅದೇ ನಾಳಗಳನ್ನು ಸೋರುವಂತೆ ಮಾಡುತ್ತದೆ ಎಂದು 2015ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಅದು ಲೋಳೆಯನ್ನು ಕಿತ್ತುಹಾಕುತ್ತದೆ. ವೈರಸ್ಸಿನ ವಿರುದ್ಧ ನಮ್ಮ ದೇಹವೇ ಬಿಡುವ ರಾಸಾಯನಿಕಗಳೂ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲ ಮಾಡುತ್ತವೆ.

ಹೊಸ ಮಡಕೆ ಒಡೆಯದೇ ಜಿನುಗುತ್ತದಲ್ಲ, ಹಾಗೆ. ನಾಳ ಒಡೆದಿಲ್ಲ, ರಕ್ತ ಬಂದಿಲ್ಲ, ಆದರೆ ಅದರೊಳಗಿನ ನೀರು ಹೊಟ್ಟೆಗೂ ಎದೆಗೂ ಸೇರಿಬಿಟ್ಟಿದೆ. ಹೊಟ್ಟೆ ಊದಿದ್ದು ಇದರಿಂದಲೇ. ಉಳಿದ ರಕ್ತ ಗಟ್ಟಿಯಾಗುತ್ತದೆ. ಪಿಸಿವಿ ಎಂಬ ಪರೀಕ್ಷೆ ಹೇಳುವುದು ಈ ಗಟ್ಟಿತನವನ್ನು. ಮೊದಲು 38 ಇದ್ದದ್ದು 46 ಆಯಿತೆಂದರೆ ಸೋರಿಕೆ ಜೋರಾಗಿದೆ ಎಂದೇ ಅರ್ಥ.

ಇನ್ನು ಆ ಬಿಪಿ. 100 ಇದೆಯಲ್ಲ, ಪರವಾಗಿಲ್ಲ ಅನಿಸುತ್ತದೆ. ಆದರೆ ಮೇಲಿನ ಮತ್ತು ಕೆಳಗಿನ ಅಂಕಿಯ ಅಂತರ ನೋಡಿ, ಬರೀ 16. ಡೆಂಗಿಯಲ್ಲಿ ಈ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಿತೆಂದರೆ ಅದು ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ಕೈಕಾಲು ತಣ್ಣಗಾದ ಮಗು ಮಾತಾಡುತ್ತಾ ಕೂತಿರಬಹುದು, ಮೇಲಿನ ಬಿಪಿ ಸರಿಯಾಗಿಯೇ ಇರಬಹುದು. ಮನೆಯವರು ಮೋಸಹೋಗುವುದು ಇಲ್ಲೇ.

ಸೋರಿಕೆ ಜಾಸ್ತಿಯಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತೆಂದು ಡ್ಯೂಟಿಗೆ, ಶಾಲೆಗೆ ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳೇ ಪ್ಲೇಟ್‌ಲೆಟ್. ಅದನ್ನು ಕೊಡದಿದ್ದದ್ದೂ ಸರಿಯೇ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ, ಪ್ಲೇಟ್‌ಲೆಟ್ 20 ಸಾವಿರಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದ ಡೆಂಗಿ ಬಂದ ದೊಡ್ಡವರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಇಲ್ಲದವರಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟು ಲಾಭವಾಗಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಿತು. ನಮ್ಮಲ್ಲಿ ನೆಂಟರಿಷ್ಟರೆಲ್ಲ ಫೋನಿನಲ್ಲಿ ಕೇಳುವುದು "ಕೌಂಟ್ ಎಷ್ಟು?" ಅಂತ. "ಮೂತ್ರ ಆಯ್ತಾ? ಕೈಕಾಲು ಬೆಚ್ಚಗಿದೆಯಾ?" ಅಂತ ಕೇಳಿದರೆ ಎಷ್ಟೋ ಒಳ್ಳೆಯದು.

ಸಲೈನ್ ನಿಲ್ಲಿಸಿದ್ದೇಕೆ ಅಂದಿರಿ. ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ. ಬ್ಯಾಕ್ಟೀರಿಯಾ ಸೋಂಕು ಮಿತಿಮೀರಿ ಅಂಗಗಳೇ ಕೆಡುವ ಸೆಪ್ಸಿಸ್‌ನಲ್ಲೂ ಇದೇ ಒಳಪದರ ಹಾಳಾಗುತ್ತದೆ, ಅಲ್ಲಿ ಚೇತರಿಕೆ ನಿಧಾನ. ಡೆಂಗಿಯಲ್ಲಿ ಹೆಚ್ಚಿನವರಿಗೆ ಪದರ ಬೇಗ ಸರಿಹೋಗಿ, ಹೊರಗೆ ಹೋದ ನೀರು ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಸಲೈನ್ ಹಾಕುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಡಿಸ್ಚಾರ್ಜ್ ಚೀಟಿ ಎತ್ತಿಡಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಬೇರೆ ಬಗೆಯದು ಎರಡನೇ ಸಲ ಬಂದರೆ ಸೋರಿಕೆಯ ಅಪಾಯ ಹೆಚ್ಚು. ಮುಂದೆ ಅವಳಿಗೆ ಜೋರು ಜ್ವರ ಬಂದರೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು. ಡಾಕ್ಟರಿಗೆ ಆ ಚೀಟಿಯನ್ನು ಮೊದಲೇ ತೋರಿಸಿ.