ಬಿಸಿಲಿಗೆ ಪುಡಿಯಾಗುವ ಟಾರ್ಪಾಲು, ಬಿಸಿಲಿನಿಂದ ಬರುವ ಆಸಿಡ್

ಪ್ರಶ್ನೆ: ಅಡಿಕೆ ಅಂಗಳದ ನಮ್ಮ ಟಾರ್ಪಾಲು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪುಡಿಪುಡಿಯಾಗುತ್ತದೆ. ಬಿಸಿಲಿನಿಂದ ಪ್ಲಾಸ್ಟಿಕ್ ಕಸವನ್ನು ಫಾರ್ಮಿಕ್ ಆಸಿಡ್‌ನಂತಹ ರಾಸಾಯನಿಕವಾಗಿ ಪರಿವರ್ತಿಸಬಹುದೆಂದು ಓದಿದೆ. ಎರಡೂ ಒಂದೇ ಕ್ರಿಯೆಯೇ? ನಮ್ಮೂರಿನಲ್ಲಿ ಇದು ಸಾಧ್ಯವೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಎರಡಕ್ಕೂ ಬೆಳಕೇ ಕಾರಣವಾದರೂ ಕ್ರಿಯೆ ಒಂದೇ ಅಲ್ಲ. ಅಂಗಳದಲ್ಲಿ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಟಾರ್ಪಾಲಿನ ಪಾಲಿಥೀನಿನ ಉದ್ದನೆಯ ಅಣು ಸರಪಳಿಗಳನ್ನು ಸಿಕ್ಕಸಿಕ್ಕಲ್ಲಿ ಕಡಿಯುತ್ತವೆ. ಬೆರಳಿಗೆ ಅಂಟುವ ಆ ನೀಲಿ ಹುಡಿ ಆಗಲೂ ಪ್ಲಾಸ್ಟಿಕ್ಕೇ ಆಗಿರುತ್ತದೆ. ಪ್ರಯೋಗಾಲಯದಲ್ಲಿ ಬೆಳಕನ್ನು ಹೀರುವುದು ಪ್ಲಾಸ್ಟಿಕ್ ಅಲ್ಲ, ಅದರೊಡನೆ ಬೆರೆಸಿದ ವೇಗವರ್ಧಕ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನು ಸಿಡಿದೆದ್ದು ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ, ಎಲೆಕ್ಟ್ರಾನ್ ಕಳೆದುಕೊಂಡ ಜಾಗವು ಪ್ಲಾಸ್ಟಿಕ್ಕಿನ ತುಣುಕುಗಳನ್ನು ಉತ್ಕರ್ಷಿಸಿ (ಅವುಗಳಿಂದ ಎಲೆಕ್ಟ್ರಾನ್ ಕಿತ್ತು) ಫಾರ್ಮಿಕ್, ಅಸಿಟಿಕ್ ಆಮ್ಲಗಳ ಲವಣವಾಗಿಸುತ್ತದೆ.

ಜಪಾನಿನ ಕವಾಯಿ ಮತ್ತು ಸಕಾಟ 1981ರಲ್ಲೇ ಬೆಳಕಿನಿಂದ ಪ್ಲಾಸ್ಟಿಕ್ ಒಡೆದು ಹೈಡ್ರೋಜನ್ ಪಡೆಯುವುದನ್ನು ಟೈಟಾನಿಯಂ ಡೈಆಕ್ಸೈಡಿನಿಂದ ತೋರಿಸಿದ್ದರು. ಆದರೆ ಗೋಡೆಯ ಬಿಳಿ ಬಣ್ಣದಲ್ಲಿರುವ ಈ ವಸ್ತು ಬಿಸಿಲಿನಲ್ಲಿ ಸುಮಾರು 5 ಶೇಕಡದಷ್ಟಿರುವ ನೇರಳಾತೀತ ಭಾಗವನ್ನು ಮಾತ್ರ ಬಳಸಬಲ್ಲದು. ಕೇಂಬ್ರಿಜ್‌ನ ಅರ್ವಿನ್ ರೈಸ್ನರ್ ಅವರ ತಂಡ 2018ರಲ್ಲಿ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವ ಕ್ಯಾಡ್ಮಿಯಂ ಸಲ್ಫೈಡ್ ಬಳಸಿತು. ಕ್ಯಾಡ್ಮಿಯಂ ವಿಷವಾದ್ದರಿಂದ ಮರುವರ್ಷವೇ ಕಾರ್ಬನ್ ನೈಟ್ರೈಡಿನತ್ತ ಹೊರಳಿತು. 2018ರ ಪ್ರಯೋಗದ ದ್ರಾವಣದಲ್ಲಿ ಲೀಟರಿಗೆ ಸುಮಾರು 400 ಗ್ರಾಂ ಕಾಸ್ಟಿಕ್ ಸೋಡಾ ಇತ್ತೆಂಬುದನ್ನು ಮಾತ್ರ ಪತ್ರಿಕಾ ವರದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅಷ್ಟು ಕ್ಷಾರ ಬಿದ್ದಾಗ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಒಡೆದು ಎಥಿಲೀನ್ ಗ್ಲೈಕಾಲ್ ಮತ್ತು ಟೆರೆಫ್ತಾಲಿಕ್ ಆಮ್ಲದ ಲವಣ ಹೊರಬರುತ್ತವೆ. ಬೆಳಕಿನ ಕೆಲಸ ನಡೆಯುವುದು ಹೆಚ್ಚಾಗಿ ಗ್ಲೈಕಾಲಿನ ಮೇಲೆ.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಸುಲಭವಾಗಿ ಒಡೆಯುವ ಈ ಬಾಟಲಿಗೆ ಗುಜರಿಯವರು ಈಗಾಗಲೇ ದುಡ್ಡು ಕೊಡುತ್ತಾರೆ. ಯಾರೂ ಕೊಳ್ಳದ ತೆಳು ಕವರು, ಹರಿದ ಟಾರ್ಪಾಲುಗಳ ಪಾಲಿಥೀನಿನಲ್ಲಿ ಕ್ಷಾರಕ್ಕೆ ಒಡೆಯುವ ಕೊಂಡಿಯೇ ಇಲ್ಲ. ಸಿಂಗಾಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಾಲಿಥೀನನ್ನು ಬಿಸಿ ದ್ರಾವಕದಲ್ಲಿ ಕರಗಿಸಿ, ವನೇಡಿಯಂ ವೇಗವರ್ಧಕ ಸೇರಿಸಿ, ಕೃತಕ ಬಿಸಿಲಿನಲ್ಲಿ ಆರು ದಿನಗಳಲ್ಲಿ ಫಾರ್ಮಿಕ್ ಆಸಿಡ್ ಪಡೆದಿದ್ದಾರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ನಮ್ಮ ಬೆಳೆಗಾರರು ಟ್ರೇಗೆ ಹಾಕುವ ಆಸಿಡ್ ಇದೇ ಆದ್ದರಿಂದ ನಿಮ್ಮಲ್ಲಿ ಆಸೆ ಮೂಡಿದ್ದು ಸಹಜ. ಆದರೆ ದ್ರಾವಕ, ಬಿಸಿ, ಕೊನೆಗೆ ಆಸಿಡನ್ನು ಬೇರ್ಪಡಿಸುವ ಖರ್ಚು ಇವನ್ನೆಲ್ಲ ಕೂಡಿಸಿದರೆ ಪಂಚಾಯತ್ ಮಟ್ಟದಲ್ಲಿ ಇದು ಸದ್ಯಕ್ಕೆ ನಡೆಯುವ ಕೆಲಸವಲ್ಲ, ಮಳೆಗಾಲದ ಆಟಿ ತಿಂಗಳ ಮೋಡದಡಿಯಲ್ಲಂತೂ ದೂರದ ಮಾತು. ಮನೆಯಲ್ಲಿ ಕಾಸ್ಟಿಕ್ ಸೋಡಾ ಹಿಡಿದು ಪ್ರಯೋಗಕ್ಕೆ ಇಳಿಯಬೇಡಿ.

ಟಾರ್ಪಾಲನ್ನು ಮಡಿಕೆಯಲ್ಲಿ ಬಿರುಕು ಕಂಡಾಗಲೇ ತೆಗೆದು ತೊಳೆದು, ಪಂಚಾಯತ್‌ನ ಒಣಕಸದ ವಾಹನಕ್ಕೆ ಕೊಡಿ. ನಿಮ್ಮ ತಾಲೂಕಿನ ನಿಟ್ಟೆಯಲ್ಲಿ ಒಣಕಸ ವಿಂಗಡಿಸುವ ಎಂಆರ್‌ಎಫ್ ಘಟಕವಿದೆ. ಹುಡಿಯಾಗಿ ಅಂಗಳದ ಮಣ್ಣಿಗೆ ಸೇರಿದ ಪ್ಲಾಸ್ಟಿಕ್ಕನ್ನು ಅಲ್ಲಿಯೂ ಹೆಕ್ಕಲಾಗದು.