ಆಂಡ್ರೊಮಿಡಾ ಗ್ಯಾಲಕ್ಸಿಯ ದೂರವನ್ನು ಅಳೆದದ್ದು ಹೇಗೆ?

ಮಲ್ಪೆಯ ಕತ್ತಲೆಯ ಕಡಲತೀರದಿಂದ ನವೆಂಬರಿನ ತಿಳಿಯಾದ ಇರುಳಿನಲ್ಲಿ ಮಸುಕು ಮಚ್ಚೆಯಂತೆ ಕಾಣುವ ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆಯೆಂದು ತಿಳಿದದ್ದು ಹೇಗೆ ಎಂದು ಕೇಳಿದ್ದೀರಿ. ಅದಕ್ಕೆ ಅಳತೆಗೋಲಾದದ್ದು ಸೆಫೀಡ್ ಎಂಬ, ಹೊಳಪು ನಿಯತವಾಗಿ ಏರಿಳಿಯುವ ನಕ್ಷತ್ರಗಳು. ಏರಿಳಿತದ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶವೂ ಹೆಚ್ಚೆಂದು ಅಮೆರಿಕದ ಖಗೋಳವಿಜ್ಞಾನಿ ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ನಿಜಪ್ರಕಾಶ ತಿಳಿದ ಮೇಲೆ, ದಡದಿಂದ ದೂರ ಸರಿಯುವ ದೋಣಿಯ ದೀಪದಂತೆ ಅದು ನಮಗೆಷ್ಟು ಮಂಕಾಗಿ ಕಾಣುತ್ತದೆಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು, ಏಕೆಂದರೆ ದೂರ ಇಮ್ಮಡಿಯಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. 1923ರಲ್ಲಿ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ದೂರದರ್ಶಕದಿಂದ ಆಂಡ್ರೊಮಿಡಾದಲ್ಲಿ ಸುಮಾರು 31 ದಿನಗಳ ಅವಧಿಯ ಸೆಫೀಡ್ ಒಂದನ್ನು ಗುರುತಿಸಿ, ಅದು ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ಹೊರಗಿದೆಯೆಂದು ಸಾಧಿಸಿದರು. ಅವರಿಗೆ ದೊರೆತ ದೂರ ಮಾತ್ರ ಇಂದಿನ ಅಳತೆಯ ಅರ್ಧಕ್ಕಿಂತ ಕಡಿಮೆಯಿತ್ತು.